ಪದಚರ್ಚೆ: ಬಜೆಟ್ಟಿನ ‘ಸೆಸ್’ಗೆ ಗೋಡೆ ಮೇಲೆ ಬರೆಯುವಂಥ ಕನ್ನಡ ಪದ ಬೇಕು

ತಿಪಟೂರು ಕಡೆಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಶನಿವಾರ ಸಂಜೆಯೊಳಗೆ ಒಂದು ಪದ ಬೇಕು. ಫ್ಲೆಕ್ಸ್ ಅಂಗಡಿಯವರು ಅದಕ್ಕಿಂತ ಜಾಸ್ತಿ ಕಾಯುವುದಿಲ್ಲ.

ನಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಈಗ ಅದನ್ನು ಅರಿವು ಕೇಂದ್ರ ಅನ್ನುತ್ತೇವೆ, ಕೇಂದ್ರ ಸರ್ಕಾರದ 2025-26ರ ಬಜೆಟ್ ಬಗ್ಗೆ ಒಂದು ದೊಡ್ಡ ಚಾರ್ಟ್ ಹಾಕುತ್ತಿದ್ದೇವೆ. ಸರ್ಕಾರವೇ ಪ್ರತಿ ವರ್ಷ ಕೊಡುವ ‘ಒಂದು ರೂಪಾಯಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ’ ಎಂಬ ಚಿತ್ರವನ್ನು ಕನ್ನಡಕ್ಕೆ ತರುವುದು ನನ್ನ ಪಾಲಿನ ಕೆಲಸ. ಬರುವ ಕಡೆ ಸುಲಭವಾಯಿತು. ಸಾಲ 24 ಪೈಸೆ, ಆದಾಯ ತೆರಿಗೆ 22, ಜಿಎಸ್‌ಟಿ ಮತ್ತಿತರ ತೆರಿಗೆ 18, ಕಂಪನಿ ತೆರಿಗೆ 17. ಹೋಗುವ ಕಡೆಯೂ ಆಯಿತು. ರಾಜ್ಯಗಳ ಪಾಲು 22, ಬಡ್ಡಿ 20, ರಕ್ಷಣೆ 8, ಸಹಾಯಧನ 6, ಪಿಂಚಣಿ 4, ಹೀಗೆ. ಕೆಳಗೆ ಒಂದು ಸಣ್ಣ ಟಿಪ್ಪಣಿ ಬೇಕು. ರಾಜ್ಯಗಳಿಗೆ ಕೊಡುವ ತೆರಿಗೆ ಪಾಲಿನಲ್ಲಿ ಸೆಸ್ (ಒಂದು ಕೆಲಸದ ಹೆಸರಿನಲ್ಲಿ ಹಾಕುವ ತೆರಿಗೆ) ಮತ್ತು ಸರ್‌ಚಾರ್ಜ್ (ಜಾಸ್ತಿ ಆದಾಯದವರ ತೆರಿಗೆಯ ಮೇಲೆ ಬೀಳುವ ಹೆಚ್ಚುವರಿ ತೆರಿಗೆ) ಸೇರುವುದಿಲ್ಲ ಎಂದು ಅಲ್ಲಿ ಹೇಳಬೇಕು. ಅಲ್ಲೇ ನಿಂತಿದ್ದೇನೆ.

ನಿಘಂಟಿನಲ್ಲಿ ‘ಉಪಕರ’ ಎಂದಿದೆ. ಹಾಗೇ ಬರೆದೆ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಕರಡನ್ನು ಓದಿದೆ. ‘ಆರೋಗ್ಯ ಮತ್ತು ಶಿಕ್ಷಣ ಉಪಕರ’ ಎನ್ನುತ್ತಿದ್ದಂತೆ ಮುಂದೆ ಕೂತಿದ್ದ ಒಬ್ಬರು, ‘ಉಪಕಾರನಾ? ಯಾರು ಮಾಡ್ತಾರೆ? ಅರ್ಜಿ ಎಲ್ಲಿ ಕೊಡಬೇಕು?’ ಎಂದು ಕೇಳಿದರು. ಇನ್ನಿಬ್ಬರಿಗೆ ಅದು ‘ಉಪಕರಣ’ ಎಂದು ಕೇಳಿಸಿತ್ತು. ಅವರ ಕಿವಿಯಲ್ಲಿ ತಪ್ಪಿಲ್ಲ. ನಮ್ಮಿಂದ ವಸೂಲಿ ಮಾಡುವ ಹಣದ ಹೆಸರು ನಮಗೆ ಮಾಡುವ ಸಹಾಯದ ಹೆಸರಿನಂತೆ ಕೇಳಿಸಿದರೆ ಚಾರ್ಟ್ ಹಾಕಿ ಏನು ಬಂತು?

ಪದ ಚಿಕ್ಕದಾಗಿರಲಿ. ಓದಿದ ಕೂಡಲೇ ಇದು ಕಟ್ಟುವ ಹಣ ಎಂದು ಗೊತ್ತಾಗಲಿ. ಒಂದು ಕೆಲಸದ ಹೆಸರು ಹೇಳಿ ಎತ್ತಿದ ಹಣ ಎಂಬುದೂ ತಿಳಿದರೆ ಇನ್ನೂ ಒಳ್ಳೆಯದು.

ಮೈಸೂರಿನಿಂದ

ಉಪಕರ. ಸರ್ಕಾರಿ ಕಾಗದದಲ್ಲಿ ಇರುವುದು ಇದೇ. ಹೊಸ ಪದ ಬೇಕಿಲ್ಲ. ಕೇಳಿಸಿಕೊಳ್ಳುವವರಿಗೆ ತಿಳಿಯದಿದ್ದರೆ ಎರಡು ಸಲ ಓದಿ ಹೇಳಿ.

ಶಿವಮೊಗ್ಗದಿಂದ

ಮೇಡಂ, ‘ಉಪಕರ’ ಬಿಟ್ಟದ್ದು ಒಳ್ಳೆಯದಾಯಿತು. ‘ಉಪ’ವೂ ನಮ್ಮದಲ್ಲ, ‘ಕರ’ವೂ ನಮ್ಮದಲ್ಲ. ಹಿಂದಿ ಪತ್ರಿಕೆಗಳಲ್ಲಿ ಬರುವ ಪದವನ್ನು ಲಿಪಿ ಬದಲಿಸಿ ನಮಗೆ ಕೊಟ್ಟಿದ್ದಾರೆ, ಅಷ್ಟೆ.

ಕನ್ನಡದ ಬೇರು ‘ತೆಱು’. ಕೊಡು, ಸಲ್ಲಿಸು ಎಂದು ಅರ್ಥ. ತೆರಿಗೆ ಬಂದದ್ದು ಇದರಿಂದಲೇ. ‘ದಂಡ ತೆತ್ತ’ ಎನ್ನುವಾಗಿನ ತೆತ್ತ ಇದರದೇ ರೂಪ. ಹೆಣ್ಣಿಗೆ ಕೊಡುವ ತೆರವೂ ಇದೇ ಕುಟುಂಬದ ಪದ. ತಮಿಳಿನ ‘ತಿಱೈ’ ಕೂಡ ಇದರ ಅಕ್ಕತಂಗಿ. ಹಳಗನ್ನಡದಲ್ಲಿ ‘ತೆಱೆ’ ಎಂದರೆ ನೇರವಾಗಿ ತೆರಿಗೆ. ಶಾಸನಗಳಲ್ಲಿ ದೊಡ್ಡ ಸುಂಕಕ್ಕೆ ‘ಪೆರ್ಜುಂಕ’ ಎಂದಿದೆ, ಅದು ಆಮೇಲೆ ‘ಹೆಜ್ಜುಂಕ’ ಆಯಿತು. ಸಣ್ಣಪುಟ್ಟ ತೆರಿಗೆಗಳಿಗೆ ‘ಕಿರುದೆರೆ’ ಎಂದಿದೆ. ಕಿರು, ತೆರೆ ಸೇರಿ ಆದೇಶಸಂಧಿಯಾಗಿದೆ, ತಕಾರ ದಕಾರವಾಗಿದೆ. ಮುಖ್ಯ ತೆರಿಗೆಯ ಪಕ್ಕದಲ್ಲಿ ನಿಲ್ಲುವ ಚಿಕ್ಕ ತೆರಿಗೆಗೆ ಸಾವಿರ ವರ್ಷದ ಹಿಂದೆಯೇ ನಮ್ಮಲ್ಲಿ ಹೆಸರಿತ್ತು. ಕಲ್ಲಿನ ಮೇಲೆ ಕೊರೆದಿಟ್ಟ ಪದ ಅದು. ನಿಮ್ಮ ಗೋಡೆಗೂ ಸರಿಹೊಂದುತ್ತದೆ.

ಕಿರುದೆರೆ ಎಂದು ಬರೆಯಿರಿ. ‘ಆರೋಗ್ಯ ಕಿರುದೆರೆ’, ‘ಓದಿನ ಕಿರುದೆರೆ’. ನಾಲ್ಕು ಸಲ ಬಳಸಿದರೆ ನಾಲಗೆಗೆ ಒಗ್ಗುತ್ತದೆ.

ಧಾರವಾಡದಿಂದ

ಅಕ್ಕಾರೆ, ಶಾಸನದ ಕಲ್ಲಿನವರೆಗೆ ಹೋಗುವುದು ಯಾಕೆ? ಪದ ನಮ್ಮ ಊರ ಬಾಯಲ್ಲೇ ಇದೆ. ‘ಪಟ್ಟಿ’.

ನಮ್ಮ ಕಡೆ ಮನೆ ಕಂದಾಯಕ್ಕೆ ಮನೆಪಟ್ಟಿ, ನೀರಿನದಕ್ಕೆ ನೀರಿನಪಟ್ಟಿ ಅನ್ನುತ್ತಾರೆ. ಜಾತ್ರೆ ಬಂತೆಂದರೆ ‘ಪಟ್ಟಿ ಎತ್ತುತ್ತಾರೆ’. ತೇರಿಗೆ ಹೊಸ ಹಗ್ಗ ಬೇಕೆಂದರೂ ಪಟ್ಟಿ, ಗುಡಿಗೆ ಸುಣ್ಣ ಬೇಕೆಂದರೂ ಪಟ್ಟಿ. ಹಿರಿಯರು ಕೂತು ಮನೆಗಿಷ್ಟು ಎಂದು ಹಾಕುತ್ತಾರೆ. ಯಾವ ಕೆಲಸಕ್ಕೆ ಎಂದು ಮೊದಲೇ ಹೇಳಿರುತ್ತಾರೆ. ಕೊಡುವುದಿಲ್ಲ ಎನ್ನಲು ಬರುವುದಿಲ್ಲ. ಜಾತ್ರೆ ಮುಗಿದ ಮೇಲೆ ಗುಡಿ ಮುಂದೆ ಲೆಕ್ಕ ಓದಬೇಕು. ಉಳಿದ ಹಣ ಎಲ್ಲಿ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಸೆಸ್ ಎಂದರೆ ಇದೇ ಅಲ್ವಾ? ಇದಕ್ಕಿಂತ ಹತ್ತಿರದ ಪದ ನಿಮಗೆ ಎಲ್ಲೂ ಸಿಗುವುದಿಲ್ಲ. ‘ಶಿಕ್ಷಣ ಪಟ್ಟಿ’, ‘ಆರೋಗ್ಯ ಪಟ್ಟಿ’ ಎನ್ನಿ.

ಮೈಸೂರಿನಿಂದ

‘ಆರೋಗ್ಯ ಪಟ್ಟಿ’ ಎಂದರೆ ನಮ್ಮ ಕಡೆ ಆಸ್ಪತ್ರೆಗಳ ಲಿಸ್ಟ್. ಆಗದು.

ಕಿರುದೆರೆಯೂ ಆಗದು. ಇವತ್ತು ತೆರೆ ಎಂದರೆ ಅಲೆ, ಇಲ್ಲವೇ ನಾಟಕದ ಪರದೆ. ‘ಕಿರುತೆರೆ’ ಎಂದರೆ ಟಿ.ವಿ. ಚಾರ್ಟ್ ನೋಡಿದವರು ಧಾರಾವಾಹಿ ವಿಷಯ ಎಂದುಕೊಳ್ಳುತ್ತಾರೆ. ಶಾಸನದಲ್ಲಿ ಇದ್ದ ಮಾತ್ರಕ್ಕೆ ಪದಕ್ಕೆ ಜೀವ ಬರುವುದಿಲ್ಲ.

ಶಿವಮೊಗ್ಗದಿಂದ

ಅಲೆಯ ತೆರೆಯಲ್ಲಿ ಇರುವುದು ಸಾಮಾನ್ಯ ರಕಾರ. ತೆರಿಗೆಯ ತೆಱೆಯಲ್ಲಿ ಇದ್ದದ್ದು ಶಕಟರೇಫ, ಅಂದರೆ ಹಳಗನ್ನಡದ ‘ಱ’. ಎರಡೂ ಬೇರೆ ಪದಗಳು. ಆ ಅಕ್ಷರವನ್ನು ಕಳೆದುಕೊಂಡದ್ದು ನಾವು. ಅದಕ್ಕೆ ಪದವನ್ನು ಯಾಕೆ ಶಿಕ್ಷಿಸಬೇಕು?

ಮೈಸೂರಿನಿಂದ

ಗೋಡೆ ಓದುವವರಿಗೆ ಶಕಟರೇಫ ಗೊತ್ತಿಲ್ಲ. ಮುಗಿಯಿತು.

ಹಾಸನದಿಂದ

ನಾನು ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುವವನು. ವ್ಯಾಕರಣ ಹೇಳಲಾರೆ, ಲೆಕ್ಕ ಹೇಳುತ್ತೇನೆ. ವಸ್ತು ಏನೆಂದು ಖಚಿತವಾಗದೆ ಹೆಸರಿಗೆ ಜಗಳ ಆಡುವುದು ಸರಿಯಲ್ಲ.

ಮೊದಲನೆಯದು, ‘ಕಿರು’ ಎನ್ನಬೇಡಿ. ಸೆಸ್ ಕಿರಿದಲ್ಲ. ಆದಾಯ ತೆರಿಗೆಯ ಮೇಲೆ 2004ರಲ್ಲಿ ಶಿಕ್ಷಣ ಸೆಸ್ ಎಂದು ನೂರಕ್ಕೆ 2 ಬಂತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಎಂದು ಇನ್ನೊಂದು ಸೇರಿ 3 ಆಯಿತು. 2018ರ ಬಜೆಟ್ಟಿನಲ್ಲಿ ಅದನ್ನು ಆರೋಗ್ಯ ಮತ್ತು ಶಿಕ್ಷಣ ಸೆಸ್ ಮಾಡಿ 4ಕ್ಕೆ ಏರಿಸಿದರು. ದೇಶದಲ್ಲಿ ಆದಾಯ ತೆರಿಗೆ ಕಟ್ಟುವ ಪ್ರತಿಯೊಬ್ಬರೂ, ಕಂಪನಿಗಳೂ, ಇದನ್ನು ಕಟ್ಟುತ್ತಾರೆ. ಕೂಡಿಸಿದರೆ ಸಣ್ಣ ಮೊತ್ತ ಆಗುವುದಿಲ್ಲ.

ಎರಡನೆಯದು, ಇದು ಆದಾಯದ ಮೇಲಲ್ಲ, ತೆರಿಗೆಯ ಮೇಲೆ. ನಮ್ಮಲ್ಲಿಗೆ ಬರುವವರಲ್ಲಿ ಎಷ್ಟೋ ಜನ ಇಲ್ಲಿ ಗಾಬರಿಯಾಗುತ್ತಾರೆ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಒಬ್ಬರ ತೆರಿಗೆ ಬೀಳುವ ಆದಾಯ 13 ಲಕ್ಷ ಎಂದುಕೊಳ್ಳಿ. 2025ರ ಬಜೆಟ್ಟಿನ ದರದಂತೆ ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಮುಂದಿನ 4 ಲಕ್ಷಕ್ಕೆ ನೂರಕ್ಕೆ 5ರಂತೆ 20,000. ಅದರ ಮುಂದಿನ 4 ಲಕ್ಷಕ್ಕೆ ನೂರಕ್ಕೆ 10ರಂತೆ 40,000. ಉಳಿದ 1 ಲಕ್ಷಕ್ಕೆ ನೂರಕ್ಕೆ 15ರಂತೆ 15,000. ಒಟ್ಟು 75,000. ಸೆಸ್ ಇದರ ಮೇಲೆ ನೂರಕ್ಕೆ 4, ಅಂದರೆ 3,000. 13 ಲಕ್ಷದ ಮೇಲೆ ನೂರಕ್ಕೆ 4 ಎಂದುಕೊಂಡು 52,000 ಎಂದು ಲೆಕ್ಕ ಹಾಕಿ ನಿದ್ದೆಗೆಟ್ಟವರನ್ನು ನೋಡಿದ್ದೇನೆ. ಹಾಗಾಗಿ ‘ತೆರಿಗೆಯ ಮೇಲಿನ’ ಎಂಬ ಮಾತು ನಿಮ್ಮ ಟಿಪ್ಪಣಿಯಲ್ಲಿ ಬರಲೇಬೇಕು.

ಮೂರನೆಯದು, ಸರ್‌ಚಾರ್ಜನ್ನು ಇದರ ಜೊತೆ ಕಲಸಬೇಡಿ. ಅದೂ ತೆರಿಗೆಯ ಮೇಲಿನ ತೆರಿಗೆಯೇ. ಆದರೆ ವ್ಯಕ್ತಿಗಳಲ್ಲಿ 50 ಲಕ್ಷ ದಾಟಿದ ಆದಾಯದವರಿಗೆ ಮಾತ್ರ. ಅದಕ್ಕೆ ಇಂಥದ್ದೇ ಕೆಲಸ ಎಂಬ ಕಟ್ಟು ಇಲ್ಲ. ಸೆಸ್‌ಗೆ ಕೆಲಸದ ಹೆಸರಿದೆ. ಸಂವಿಧಾನದ 270ನೇ ವಿಧಿಯಲ್ಲಿ ಸೆಸ್, 271ರಲ್ಲಿ ಸರ್‌ಚಾರ್ಜ್. 2000ದ 80ನೇ ತಿದ್ದುಪಡಿಯ ನಂತರ ಕೇಂದ್ರದ ತೆರಿಗೆಗಳೆಲ್ಲ ರಾಜ್ಯಗಳ ಜೊತೆ ಹಂಚಿಕೆಗೆ ಬಂದವು, ಇವೆರಡು ಮಾತ್ರ ಹೊರಗೆ ಉಳಿದವು. ಪತ್ರಿಕೆಗಳು ಎರಡಕ್ಕೂ ‘ಮೇಲ್ತೆರಿಗೆ’ ಎಂದೇ ಬರೆದು ಕೈತೊಳೆದುಕೊಳ್ಳುತ್ತವೆ. ಇದು ತಪ್ಪು.

ಇನ್ನೊಂದು ಮಾತು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಎಷ್ಟು ಎಂದು ಹೇಳುವ ಹಣಕಾಸು ಆಯೋಗಗಳಲ್ಲಿ 15ನೆಯದು ರಾಜ್ಯಗಳಿಗೆ ನೂರಕ್ಕೆ 41 ಎಂದಿತು. ನಿಮ್ಮ ಚಾರ್ಟಿನಲ್ಲಿ 22 ಪೈಸೆ ಇದೆ. ಓದುವವರು, ಉಳಿದ 19 ಪೈಸೆಯನ್ನು ಸೆಸ್ ನುಂಗಿತು ಎಂದುಕೊಳ್ಳಬಾರದು. 41 ಎಂಬುದು ಹಂಚುವ ತೆರಿಗೆಯ ಲೆಕ್ಕ. 22 ಎಂಬುದು ಸಾಲವನ್ನೂ ಸೇರಿಸಿದ ಇಡೀ ಖರ್ಚಿನ ಲೆಕ್ಕ. ಸೆಸ್‌ನಿಂದ ಪಾಲು ಕಡಿಮೆಯಾಗುವುದು ನಿಜ, ಆದರೆ ವ್ಯತ್ಯಾಸವೆಲ್ಲ ಅದರದಲ್ಲ.

ತಿಪಟೂರು ಕಡೆಯಿಂದ

ಹಾಸನದ ಸರ್, ತುಂಬಾ ಉಪಕಾರವಾಯಿತು. 41 ಮತ್ತು 22ರ ವಿಷಯದಲ್ಲಿ ನಾನೇ ತಪ್ಪು ಬರೆಯುವವಳಿದ್ದೆ. ಆ ಸಾಲು ತೆಗೆದಿದ್ದೇನೆ.

ಪದಗಳನ್ನು ನಿನ್ನೆ ಸಂಜೆ ಐದಾರು ಜನರ ಮುಂದೆ ಓದಿದೆ. ಕಿರುದೆರೆ ಯಾರಿಗೂ ಹತ್ತಲಿಲ್ಲ, ಶಿವಮೊಗ್ಗದ ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು. ಪಟ್ಟಿಗೆ ಮೈಸೂರಿನವರು ಹೇಳಿದ ತೊಂದರೆಯೇ ಬಂತು. ಆದರೆ ಧಾರವಾಡದವರ ವಿವರಣೆ ಓದಿದಾಗ ಎಲ್ಲರಿಗೂ ವಿಷಯ ತಟ್ಟನೆ ಹಿಡಿಯಿತು. ‘ಹಬ್ಬಕ್ಕೆ ವಂತಿಗೆ ಎತ್ತೋ ಹಾಗೆ’ ಎಂದು ಅವರೇ ಹೇಳಿದರು. ನಮ್ಮ ಕಡೆ ಪದ ‘ವಂತಿಗೆ’. ಆದರೆ ವಂತಿಗೆ ಮನಸ್ಸಿದ್ದರೆ ಕೊಡುವುದು. ಸೆಸ್ ಹಾಗಲ್ಲ.

‘ಮೀಸಲು ತೆರಿಗೆ’ ಹೇಗೆ? ದೇವರಿಗೆ ಮೀಸಲು ಕಟ್ಟುವುದು ಎಲ್ಲರಿಗೂ ಗೊತ್ತು. ಎತ್ತಿಟ್ಟ ಹಣ ಬೇರೆ ಖರ್ಚಿಗೆ ಮುಟ್ಟುವಂತಿಲ್ಲ. ಆ ಕಟ್ಟು ಪದದಲ್ಲೇ ಇದೆ.

ಮೈಸೂರಿನಿಂದ

ಮೀಸಲು ಎಂದರೆ ಇವತ್ತು ಮೀಸಲಾತಿ. ‘ಮೀಸಲು ತೆರಿಗೆ’ ಎಂದು ಹಾಕಿದರೆ ಮೀಸಲಾತಿಗೆ ತೆರಿಗೆ ಹಾಕಿದ್ದಾರೆ ಎಂದು ಊರಲ್ಲಿ ಗಲಾಟೆಯಾಗುತ್ತದೆ. ಬೇಡ.

ಹಾಸನದಿಂದ

ನನಗೂ ಮೀಸಲು ಬೇಡ ಅನಿಸುತ್ತದೆ, ಕಾರಣ ಬೇರೆ. ಆ ಪದ ಕೊಡುವ ಭರವಸೆಯನ್ನು ಸರ್ಕಾರ ಪೂರ್ತಿ ಉಳಿಸಿಕೊಂಡಿಲ್ಲ. ಶಿಕ್ಷಣ ಸೆಸ್ಸಿಗೆಂದು ‘ಪ್ರಾರಂಭಿಕ ಶಿಕ್ಷಾ ಕೋಶ್’ ಎಂಬ ನಿಧಿ ಮಾಡಿದರು. ಪ್ರೌಢ ಮತ್ತು ಉನ್ನತ ಶಿಕ್ಷಣದ ಸೆಸ್ 2007ರಿಂದ ಬರುತ್ತಿದ್ದರೂ ಅದರ ನಿಧಿಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2017ರಲ್ಲಿ. ಅಷ್ಟು ವರ್ಷ ಹಣ ಬಂತು, ಇಡಲು ಪೆಟ್ಟಿಗೆ ಇರಲಿಲ್ಲ. ಸೆಸ್ ಹಣ ಪೂರ್ತಿಯಾಗಿ ನಿಧಿಗೆ ಹೋಗುತ್ತಿಲ್ಲ ಎಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳು ಮತ್ತೆ ಮತ್ತೆ ಹೇಳಿವೆ.

2021ರ ಬಜೆಟ್ಟನ್ನೂ ನೆನಪಿಸಿಕೊಳ್ಳಿ. ಕೃಷಿ ಮೂಲಸೌಕರ್ಯಕ್ಕೆ ಎಂದು ಪೆಟ್ರೋಲಿಗೆ ಲೀಟರಿಗೆ 2.50, ಡೀಸೆಲಿಗೆ 4 ರೂಪಾಯಿ ಸೆಸ್ ಹಾಕಿದರು. ಜನರಿಗೆ ಭಾರವಾಗಬಾರದೆಂದು ಮೂಲ ಅಬಕಾರಿ ಸುಂಕವನ್ನೂ ವಿಶೇಷ ಹೆಚ್ಚುವರಿ ಸುಂಕವನ್ನೂ ಇಳಿಸಿದರು. ಬಂಕಿನಲ್ಲಿ ಇದರಿಂದ ಬೆಲೆ ಏರಲಿಲ್ಲ. ಆದರೆ ಮೂಲ ಸುಂಕದಲ್ಲಿ ರಾಜ್ಯಗಳಿಗೆ ಪಾಲಿದೆ, ಸೆಸ್ಸಿನಲ್ಲಿ ಇಲ್ಲ. ಜೇಬಿನಿಂದ ಹೋಗುವ ದುಡ್ಡು ಅದೇ, ಅದರ ಹೆಸರು ಬದಲಾದ ಕೂಡಲೇ ಹೋಗುವ ದಾರಿ ಬದಲಾಗುತ್ತದೆ. ಕರ್ನಾಟಕದಲ್ಲಿ ಈ ಮಾತು ಇಷ್ಟು ಕಾವೇರಲು ಇದೂ ಒಂದು ಕಾರಣ. ಹಂಚುವ ತೆರಿಗೆಯಲ್ಲಿ ನಮ್ಮ ರಾಜ್ಯದ ಪಾಲು 14ನೇ ಆಯೋಗದಲ್ಲಿ ನೂರಕ್ಕೆ 4.713 ಇತ್ತು. 15ನೇ ಆಯೋಗದಲ್ಲಿ 3.647ಕ್ಕೆ ಇಳಿಯಿತು. ಪಾಲೂ ಇಳಿಯಿತು, ಹಂಚದ ಹಣವೂ ಬೆಳೆಯಿತು.

ಇನ್ನು ಜಿಎಸ್‌ಟಿ ಪರಿಹಾರ ಸೆಸ್. ರಾಜ್ಯಗಳ ನಷ್ಟ ತುಂಬಲು ಎಂದು 2017ರಲ್ಲಿ 5 ವರ್ಷಕ್ಕೆ ಬಂತು. ಕೋವಿಡ್ ಕಾಲದಲ್ಲಿ ಮಾಡಿದ ಸಾಲ ತೀರಿಸಲು ಅದನ್ನು 2026ರ ಮಾರ್ಚ್‌ವರೆಗೆ ಎಳೆದರು. ಹಾಗಾಗಿ ಎಲ್ಲ ಸೆಸ್ಸೂ ಕೇಂದ್ರಕ್ಕೇ ಎಂದೂ ಬರೆಯುವಂತಿಲ್ಲ. ಮೇಡಂ, ಎಚ್ಚರ.

ಶಿವಮೊಗ್ಗದಿಂದ

ಲೆಕ್ಕ ಸರಿ. ಆದರೆ ಎಲ್ಲರೂ ಸುಮ್ನೆ ‘ಸೆಸ್’ ‘ಸೆಸ್ಸು’ ಎಂದು ಬರೆಯುತ್ತಿದ್ದೀರಿ. ಇಂಗ್ಲಿಷಿನಲ್ಲಿ ಆ ಪದ ‘ಅಸೆಸ್’ ಎಂಬುದರ ತುಂಡು. ತಲೆ ಕತ್ತರಿಸಿದ ಪದ. ಅದರಲ್ಲಿ ಯಾವ ಅರ್ಥವೂ ಕಾಣುವುದಿಲ್ಲ. ಕನ್ನಡ ಮಗುವಿಗೆ ‘ತೆರಿಗೆ’ ಎಂದರೆ ‘ತೆರು’ ನೆನಪಾಗುತ್ತದೆ. ‘ಸೆಸ್’ ಎಂದರೆ ಏನು ನೆನಪಾಗುತ್ತದೆ?

ಇದು ಒಂದು ಪದದ ಮಾತಲ್ಲ. ಬಜೆಟ್, ಸಬ್ಸಿಡಿ, ರಿಬೇಟ್, ಸ್ಲ್ಯಾಬ್. ಹಣದ ವಿಷಯ ಬಂದ ಕೂಡಲೇ ಕನ್ನಡ ಕೈಕಟ್ಟಿ ಕೂರುತ್ತದೆ. ದುಡ್ಡಿನ ಮಾತನ್ನು ತನ್ನ ಭಾಷೆಯಲ್ಲಿ ಆಡಲಾಗದ ಜನ ದುಡ್ಡಿನ ಲೆಕ್ಕ ಕೇಳುವುದು ಹೇಗೆ? ನಾನು ಮೂವತ್ತು ವರ್ಷ ಹಳ್ಳಿ ಶಾಲೆಯಲ್ಲಿ ಪಾಠ ಮಾಡಿದವನು. ಬಡ್ಡಿ, ಅಸಲು, ಲಾಭ, ನಷ್ಟ ಎಂದಾಗ ಮಕ್ಕಳ ಕಣ್ಣು ಅರಳುತ್ತಿತ್ತು. ಇಂಗ್ಲಿಷ್ ಪದ ಬಂದ ಕೂಡಲೇ ಬಾಯಿಪಾಠ ಶುರುವಾಗುತ್ತಿತ್ತು. ನನ್ನ ಹಟಕ್ಕೆ ಇದೇ ಕಾರಣ.

ಕಲಬುರಗಿಯಿಂದ

ಮೇಷ್ಟ್ರೇ, ನೀವು ಹೇಳಿದ ಪದಗಳನ್ನೇ ನೋಡಿ. ‘ಅಸಲು’ ಅರಬ್ಬಿ ಮೂಲದ್ದು. ‘ಲಾಭ’, ‘ನಷ್ಟ’ ಸಂಸ್ಕೃತ. ಮಕ್ಕಳ ಕಣ್ಣು ಅರಳಿದ್ದು ಪದ ಎಲ್ಲಿಂದ ಬಂತು ಎಂದು ನೋಡಿ ಅಲ್ಲ. ಆ ಪದ ಅವರ ಮನೆಯಲ್ಲಿ ದಿನಾ ಓಡಾಡುತ್ತಿತ್ತು, ಅದಕ್ಕೆ.

ನಮ್ಮ ಕಡೆ ನಿಜಾಮರ ಕಾಲದಿಂದ ಹಣದ ಭಾಷೆ ಪೂರ್ತಿ ಹೊರಗಿನದೇ. ಖಜಾನೆ, ಜಮಾ, ಖರ್ಚು, ಬಾಕಿ, ರಸೀದಿ, ವಸೂಲಿ. ಇವುಗಳಲ್ಲಿ ಒಂದನ್ನು ತೆಗೆದರೂ ನನ್ನ ತಾಯಿ ಸಂತೆಗೆ ಹೋಗಿ ಬರಲಾರರು. ಅವರು ಓದಿದವರಲ್ಲ. ಆದರೆ ‘ಬಾಕಿ ಎಷ್ಟು’ ಎಂದು ಸಾಹುಕಾರನನ್ನು ಎದುರು ನಿಂತು ಕೇಳುತ್ತಾರೆ. ಲೆಕ್ಕ ಕೇಳಲು ಅಚ್ಚಗನ್ನಡ ಬೇಕಾಗಲಿಲ್ಲ, ಬಳಕೆಯ ಪದ ಸಾಕಾಯಿತು. ‘ಸೆಸ್’ ಕೂಡ ಹಾಗೇ ಒಳಗೆ ಬರಲಿ ಬಿಡಿ.

ಶಿವಮೊಗ್ಗದಿಂದ

ಆ ಪದಗಳು ನಾನೂರು ವರ್ಷ ನಮ್ಮ ಜೊತೆ ಬದುಕಿದವು. ಸೆಸ್ ನಿನ್ನೆಯದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕಲಬುರಗಿಯಿಂದ

ನಾನೂರು ವರ್ಷದ ಹಿಂದೆ ಅವೂ ನಿನ್ನೆಯವೇ ಆಗಿದ್ದವು. ಆಗ ಯಾರಾದರೂ ಬಾಗಿಲು ಹಾಕಿದ್ದರೆ?

ಮೈಸೂರಿನಿಂದ

ಎರವಲಿನ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಒಬ್ಬರಿಗೆ ಶನಿವಾರದೊಳಗೆ ಪದ ಬೇಕು.

ಧಾರವಾಡದಿಂದ

ಒಂದು ಮಾತು ಹೇಳಿ ಬಿಡುತ್ತೇನೆ. ಹೆಸರು ಯಾವುದೇ ಇರಲಿ, ಜಾತ್ರೆಯ ಪಟ್ಟಿಯ ಹೋಲಿಕೆಯನ್ನು ಟಿಪ್ಪಣಿಯಲ್ಲಿ ಬಿಡಬೇಡಿ. ಪದ ಒಂದು ಸಲಕ್ಕೆ ಅರ್ಥವಾಗದಿದ್ದರೂ ಹೋಲಿಕೆ ಅರ್ಥವಾಗುತ್ತದೆ. ಕೊನೆಗೆ ಲೆಕ್ಕ ಓದಬೇಕು ಎಂಬ ಮಾತನ್ನೂ ಸೇರಿಸಿ. ಪಟ್ಟಿ ಎತ್ತಿದವರು ಲೆಕ್ಕ ಓದದೆ ಹೋದರೆ ಮುಂದಿನ ವರ್ಷ ಯಾರ ಮನೆ ಬಾಗಿಲಲ್ಲೂ ನಿಲ್ಲಲು ಮುಖವಿರುವುದಿಲ್ಲ. ಕೇಂದ್ರವಾದರೂ ಅಷ್ಟೇ, ಪಂಚಾಯಿತಿಯಾದರೂ ಅಷ್ಟೇ.

ತಿಪಟೂರು ಕಡೆಯಿಂದ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ನಾಳೆ ಬೆಳಗ್ಗೆ ಅಂಗಡಿಗೆ ಕಳಿಸುತ್ತೇನೆ.

ಮೇಷ್ಟ್ರ ನೋವು ನನಗೆ ಅರ್ಥವಾಗುತ್ತದೆ. ಹೋದ ವರ್ಷ ಚಾರ್ಟಿನ ತಲೆಬರಹಕ್ಕೆ ‘ಕೇಂದ್ರ ಮುಂಗಡಪತ್ರ’ ಎಂದು ಬರೆದಿದ್ದೆ. ನಮ್ಮಲ್ಲಿ ಮುಂಗಡ ಎಂದರೆ ಅಡ್ವಾನ್ಸ್. ತೆಂಗಿನಕಾಯಿ ವ್ಯಾಪಾರಿ ಕೊಡುವುದು ಮುಂಗಡ. ‘ಯಾರಿಗೆ ಮುಂಗಡ ಕೊಡ್ತಾರೆ, ನಮ್ಮ ಹೆಸರು ಬಂದಿದೆಯಾ’ ಎಂದು ಕೇಳಿಕೊಂಡು ಇಬ್ಬರು ಬಂದರು. ಅವರಿಗೆ ಉತ್ತರ ಹೇಳುವಾಗ ನನಗೆ ಸಂಕಟವಾಯಿತು. ಅದು ಕನ್ನಡ ಪದವೇ. ಒಳ್ಳೆಯ ಉದ್ದೇಶದಿಂದ ಕಟ್ಟಿದ ಪದವೇ. ಆದರೂ ಅದು ಅವರನ್ನು ದಾರಿ ತಪ್ಪಿಸಿತು. ನಮ್ಮ ರಾಜ್ಯ ಸರ್ಕಾರ ‘ಆಯವ್ಯಯ’ ಎನ್ನುತ್ತದೆ, ಜನ ‘ಬಜೆಟ್’ ಎನ್ನುತ್ತಾರೆ. ಈ ಸಲ ಬಜೆಟ್ ಎಂದೇ ಹಾಕಿದ್ದೇನೆ.

ಸೆಸ್ ವಿಷಯದಲ್ಲೂ ಇದೇ ದಾರಿ ಹಿಡಿದೆ. ಹೆಸರು ಸೆಸ್ ಎಂದೇ ಇರಲಿ, ಅರ್ಥ ಪಕ್ಕದಲ್ಲೇ ಕನ್ನಡದಲ್ಲಿ ನಿಲ್ಲಲಿ. ನಾನು ಬರೆದದ್ದು ಹೀಗಿದೆ, ತಪ್ಪಿದ್ದರೆ ರಾತ್ರಿಯೊಳಗೆ ಹೇಳಿ:

‘ಸೆಸ್: ಒಂದು ಕೆಲಸದ ಹೆಸರು ಹೇಳಿ, ತೆರಿಗೆಯ ಜೊತೆ ಎತ್ತುವ ಹಣ. ಜಾತ್ರೆಗೆ ಮನೆಗಿಷ್ಟು ಎಂದು ಎತ್ತುವ ಹಾಗೆ, ಆದರೆ ಇದನ್ನು ಕಟ್ಟಲೇಬೇಕು. ಆದಾಯ ತೆರಿಗೆ 100 ರೂಪಾಯಿ ಆದರೆ ಆರೋಗ್ಯ ಮತ್ತು ಶಿಕ್ಷಣ ಸೆಸ್ 4 ರೂಪಾಯಿ. ರಾಜ್ಯಗಳಿಗೆ ಹಂಚುವ ತೆರಿಗೆ ಪಾಲಿನಲ್ಲಿ ಇದು ಸೇರುವುದಿಲ್ಲ. ಹೇಳಿದ ಕೆಲಸಕ್ಕೆ ಖರ್ಚಾಯಿತೇ ಎಂದು ಲೆಕ್ಕ ಕೇಳಬಹುದು.’

‘ಜೊತೆ’ ಎಂದು ಹಾಕಿದ್ದು ಬೇಕೆಂದೇ. ಪೆಟ್ರೋಲಿನ ಸೆಸ್ ತೆರಿಗೆಯ ಮೇಲೆ ಬೀಳುವುದಲ್ಲ, ಲೀಟರಿಗೆ ಇಷ್ಟು ಎಂದು ಬೀಳುತ್ತದೆ ಅಲ್ವಾ, ಹಾಸನದ ಸರ್?

ಇನ್ನೊಂದು ಸಾಲು ಸೇರಿಸುವ ಆಸೆ ಇದೆ. ಈ ಚಾರ್ಟ್ ತೂಗುವ ಗ್ರಂಥಾಲಯಕ್ಕೂ ಸೆಸ್ ಇದೆ. ಮನೆ ಕಂದಾಯ ನೂರು ರೂಪಾಯಿಗೆ 6 ರೂಪಾಯಿ ಗ್ರಂಥಾಲಯದ ಹೆಸರಿನಲ್ಲಿ ಹೋಗುತ್ತದೆ. ಈ ಕುರ್ಚಿ, ಈ ಪೇಪರು, ಈ ದೀಪದಲ್ಲಿ ನಿಮ್ಮ ಸೆಸ್ ಹಣವೂ ಇದೆ ಎಂದು ಬರೆದರೆ ದೆಹಲಿಯ ಮಾತು ಊರಿನ ಮಾತಾಗುತ್ತದೆ.

ಹಾಸನದಿಂದ

ಪೆಟ್ರೋಲ್ ವಿಷಯ ಸರಿ. ‘ಜೊತೆ’ ಎಂಬುದೇ ಸರಿಯಾದ ಪದ. ಆದಾಯ ತೆರಿಗೆಯ ಉದಾಹರಣೆ ಪಕ್ಕದಲ್ಲೇ ಇರುವುದರಿಂದ ಗೊಂದಲವಾಗುವುದಿಲ್ಲ. ಗ್ರಂಥಾಲಯದ ಸಾಲು ಖಂಡಿತ ಹಾಕಿ.

ಶಿವಮೊಗ್ಗದಿಂದ

ತಲೆಯಲ್ಲಿ ಸೆಸ್ ಇದೆ, ಒಪ್ಪುವುದಿಲ್ಲ. ಆದರೆ ಅದರ ಕೆಳಗಿನ ಐದು ವಾಕ್ಯದಲ್ಲಿ ಕನ್ನಡ ಚೆನ್ನಾಗಿದೆ. ‘ಎತ್ತುವ ಹಣ’ ಎಂಬುದು ನನಗೆ ಹೊಳೆಯಲಿಲ್ಲ. ಶಾಸನಗಳ ಸಂಪುಟಗಳನ್ನು ತೆಗೆದು ಹುಡುಕಿದೆ, ಇದು ಕೈಗೇ ಬಂದಿರಲಿಲ್ಲ.

ಮೈಸೂರಿನಿಂದ

ಒಂದು ತಿದ್ದುಪಡಿ. ‘ಉಪಕರ’ವನ್ನು ಪೂರ್ತಿ ಬಿಡಬೇಡಿ. ಸರ್ಕಾರಿ ಕಾಗದದಲ್ಲಿ ಅದೇ ಪದ ಸಿಗುತ್ತದೆ. ಚಾರ್ಟಿನಲ್ಲಿ ಸೆಸ್ ಓದಿದವರು ಕೈಯಲ್ಲಿರುವ ಕಾಗದದಲ್ಲಿ ಉಪಕರ ನೋಡಿದರೆ ಎರಡೂ ಬೇರೆ ಎಂದುಕೊಳ್ಳುತ್ತಾರೆ. ‘ಸೆಸ್, ಕಾಗದಗಳಲ್ಲಿ ಉಪಕರ’ ಎಂದು ಬರೆಯಿರಿ. ‘ಕರ’ ಎಂಬುದರ ಕೆಳಗೆ ಗೆರೆ ಎಳೆಯಿರಿ, ಉಪಕಾರ ಎಂದು ಓದದಿರಲಿ.

ತಿಪಟೂರು ಕಡೆಯಿಂದ

ಹೌದು ಸರ್, ಅದು ನನಗೆ ತೋಚಿರಲಿಲ್ಲ. ಗೆರೆ ಎಳೆಸಿ, ಆ ಎರಡು ಅಕ್ಷರಕ್ಕೆ ಕೆಂಪು ಬಣ್ಣ ಹಾಕಿಸುತ್ತೇನೆ. ಸರ್‌ಚಾರ್ಜ್‌ಗೆ ‘ಮೇಲ್ತೆರಿಗೆ’ ಎಂದು ಹಾಕುತ್ತೇನೆ, ಸೆಸ್‌ಗೆ ಆ ಪದ ಬಳಸಿಲ್ಲ. ಅಂಗಡಿಯವರಿಗೆ ಈಗಲೇ ಫೋನ್ ಮಾಡುತ್ತೇನೆ.